ವಾಯಿದೆ ತಪ್ಪಿದರೆ ಠೇವಣಿ ಹೋಗುತ್ತದೆ, ಮೊಕದ್ದಮೆ ಹೋಗುವುದಿಲ್ಲ

ಬೆಳೆ, ಗೊಬ್ಬರ, ಧಾರಣೆಗಳಿಗೆ ಮೀಸಲಾದ ಈ ಪುಟಗಳಲ್ಲಿ ಕೋರ್ಟಿನ ಮಾತೇಕೆ ಎಂದು ಕೆಲವು ಸದಸ್ಯರಿಗೆ ಅನ್ನಿಸಬಹುದು. ಆದರೆ ಸಾಲದ ಕಂತು ಕಟ್ಟಲು ಸಂಘದ ಕಚೇರಿಗೆ ಬಂದವರು, ರಸೀದಿ ಪಡೆದ ಮೇಲೆ ಜೇಬಿನಿಂದ ಮಡಿಸಿದ ಕಾಗದವೊಂದನ್ನು ತೆಗೆದು, "ಇದೇನು ಬಂದಿದೆ, ಸ್ವಲ್ಪ ಓದಿ ಹೇಳಿ" ಎನ್ನುವುದು ಹೊಸ ಸಂಗತಿಯಲ್ಲ. ಹಾಗೆ ಬರುವ ಕಾಗದಗಳಲ್ಲಿ ಹೆಚ್ಚಿನವು ದೊಡ್ಡ ಅಪರಾಧಗಳಿಗೆ ಸಂಬಂಧಿಸಿದವಲ್ಲ. ಸಂತೆಯ ದಿನ ಕುಡಿದು ಮಾಡಿಕೊಂಡ ಜಗಳ, ತಿರುವಿನಲ್ಲಿ ಜೀಪು ತಾಗಿಸಿದ್ದು, ರಸ್ತೆ ಬದಿಯ ಇಸ್ಪೀಟು, ಬೇಲಿ ದಾಟಿದ ದನದ ವಿಷಯದಲ್ಲಿ ಇಬ್ಬರು ಕೈ ಕೈ ಮಿಲಾಯಿಸಿದ್ದು, ಇಂಥವೇ. ಪ್ರಕರಣ ನಡೆದು ವರ್ಷ ಕಳೆದಿರುತ್ತದೆ, ನಡೆಸಿದವನು ಊರಿನಲ್ಲಿಯೇ ಇರುವುದಿಲ್ಲ. ಕಾಗದ ಬಂದಿರುವುದು ಅವನಿಗೆ ಜಾಮೀನು ನಿಂತ ನಮ್ಮ ಸದಸ್ಯರ ಹೆಸರಿಗೆ.

ಇಂಥ ಸಂದರ್ಭಗಳಲ್ಲಿ ನಾವು ಪದೇ ಪದೇ ಕೇಳುವ ಮಾತು ಒಂದುಂಟು. "ಕೋರ್ಟಿನಲ್ಲಿ ಠೇವಣಿ ಇಟ್ಟಿದ್ದೆವಲ್ಲ, ಆತ ವಾಯಿದೆಗೆ ಹೋಗಲಿಲ್ಲ, ಅವರು ಠೇವಣಿಯನ್ನು ಹಿಡಿದುಕೊಂಡರು, ಅಲ್ಲಿಗೆ ಲೆಕ್ಕ ಚುಕ್ತಾ ಆಗಲಿಲ್ಲವೇ?" ಆಗಲಿಲ್ಲ. ಈ ತಪ್ಪು ತಿಳುವಳಿಕೆಯನ್ನು ಬಿಡಿಸುವುದೇ ಈ ಲೇಖನದ ಉದ್ದೇಶ.

ಈ ನಂಬಿಕೆ ಎಲ್ಲಿಂದ ಬಂತೆಂದು ಹುಡುಕಬೇಕಾಗಿಲ್ಲ. ಹೊರದೇಶದಲ್ಲಿರುವ ಮಕ್ಕಳು ರಜೆಗೆ ಬಂದಾಗ ಹೇಳುವ ಮಾತಿನಲ್ಲಿ ನಿಜವೂ ಇದೆ. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ಸಣ್ಣ ನಿಯಮವನ್ನು ಮೀರಿದವನಿಗೆ ಒಂದು ಚೀಟಿ ಕೊಡುತ್ತಾರೆ. ಅದರಲ್ಲಿ ಸೂಚಿಸಿದ ಹಣವನ್ನು ಕಟ್ಟಿ, ನ್ಯಾಯಾಧೀಶರ ಮುಂದೆ ನಿಲ್ಲದೆಯೇ ಪ್ರಕರಣವನ್ನು ಮುಗಿಸಿಕೊಳ್ಳಬಹುದು. ಅದಕ್ಕೆ ಅಲ್ಲಿನ ಹೆಸರೇ ಠೇವಣಿ ಬಿಟ್ಟುಕೊಡುವುದು ಎಂದು. ಅಲ್ಲಿನ ಕೆಲವು ರಾಜ್ಯಗಳಲ್ಲಿಯೂ ಸಣ್ಣಪುಟ್ಟ ವಾಹನ ಪ್ರಕರಣಗಳು ಹೀಗೆಯೇ ಕೊನೆಗಾಣುತ್ತವೆ. ಹಣ ಹೋಯಿತು, ಮೊಕದ್ದಮೆಯೂ ಹೋಯಿತು.

ನಮ್ಮ ದೇಶದ ಕಾನೂನಿನಲ್ಲಿ ಜಾಮೀನಿನ ಹಣವು ಅಪರಾಧದ ಬೆಲೆಯಲ್ಲ. ಅದು "ಕರೆದಾಗ ಬರುತ್ತೇನೆ" ಎಂಬ ಮಾತಿಗೆ ಇಟ್ಟ ಅಡವು. ನಮ್ಮ ಕಸುಬಿನ ಭಾಷೆಯಲ್ಲಿ ಹೇಳುವುದಾದರೆ, ಆಳುಗಳನ್ನು ತರುತ್ತೇನೆಂದು ಮುಂಗಡ ಹಿಡಿದ ಮೇಸ್ತ್ರಿ ಬರಲೇ ಇಲ್ಲವೆನ್ನಿ. ಅವನು ಊರಿನಲ್ಲಿ ಬಿಟ್ಟುಹೋದ ಪೆಟ್ಟಿಗೆ ಪಾತ್ರೆಗಳನ್ನು ನಾವು ಹಿಡಿದಿಟ್ಟುಕೊಂಡ ಮಾತ್ರಕ್ಕೆ ಗಿಡದ ಮೇಲಿನ ಹಣ್ಣು ಕೊಯ್ದಂತಾಯಿತೇ? ಹಣ್ಣು ಗಿಡದಲ್ಲಿಯೇ ಇರುತ್ತದೆ. ಹಾಗೆಯೇ ಠೇವಣಿ ಮುಟ್ಟುಗೋಲಾದ ಮೇಲೂ ಮೊಕದ್ದಮೆ ಕೋರ್ಟಿನಲ್ಲಿಯೇ ಇರುತ್ತದೆ.

ಈಗ ಕಾನೂನು ಏನು ಹೇಳುತ್ತದೆಂಬುದನ್ನು ನೋಡೋಣ. ಹಿಂದೆ ಇದ್ದದ್ದು 1973ರ ದಂಡ ಪ್ರಕ್ರಿಯಾ ಸಂಹಿತೆ. 2024ರ ಜುಲೈ 1ರಿಂದ ಅದರ ಸ್ಥಾನದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಗೆ ಬಂದಿದೆ. ಆ ದಿನಕ್ಕೆ ಮೊದಲೇ ನಡೆಯುತ್ತಿದ್ದ ವಿಚಾರಣೆಗಳು ಹಳೆಯ ಸಂಹಿತೆಯಂತೆಯೇ ಮುಂದುವರಿಯುತ್ತವೆ. ಆದ್ದರಿಂದ ಸದಸ್ಯರ ಕೈಗೆ ಬರುವ ಕಾಗದಗಳಲ್ಲಿ ಎರಡೂ ಬಗೆಯ ಕಲಮು ಸಂಖ್ಯೆಗಳು ಕಾಣಿಸಬಹುದು. ಗಾಬರಿಯಾಗಬೇಕಾಗಿಲ್ಲ, ಈ ವಿಷಯದಲ್ಲಿ ತಿರುಳು ಹೆಚ್ಚು ಬದಲಾಗಿಲ್ಲ. ಬ್ರಿಟಿಷರ ಕಾಲದ 1898ರ ಸಂಹಿತೆಯ 513 ಮತ್ತು 514ನೇ ಕಲಮುಗಳು 1973ರದ್ದರಲ್ಲಿ 445 ಮತ್ತು 446 ಆದವು, ಈಗಿನದರಲ್ಲಿ 490 ಮತ್ತು 491 ಆಗಿವೆ. ನಂಬರು ಬದಲಾಗಿದೆ, ಜಮೀನು ಅದೇ.

ಸಣ್ಣ ಅಪರಾಧಗಳಲ್ಲಿ ಹೆಚ್ಚಿನವು ಜಾಮೀನು ಪಡೆಯಲು ಹಕ್ಕಿರುವ ಅಪರಾಧಗಳು. ಇವುಗಳಲ್ಲಿ ಪೊಲೀಸ್ ಠಾಣೆಯಲ್ಲಿಯೇ ಜಾಮೀನು ಸಿಗುತ್ತದೆ, ಇಲ್ಲವೇ ನ್ಯಾಯಾಲಯದಲ್ಲಿ. ಜಾಮೀನಿನ ಕಾಗದ ಎಂದು ನಾವು ಒಟ್ಟಾಗಿ ಕರೆಯುವುದರಲ್ಲಿ ಬೇರೆ ಬೇರೆ ಪತ್ರಗಳಿವೆ. ಆರೋಪಿ ತಾನೇ ಬರೆದುಕೊಡುವ ವೈಯಕ್ತಿಕ ಮುಚ್ಚಳಿಕೆ ಒಂದು. ಅವನ ಪರವಾಗಿ ಇನ್ನೊಬ್ಬರು ಪಹಣಿ ಇಟ್ಟು ಬರೆದುಕೊಡುವ ಜಾಮೀನು ಮುಚ್ಚಳಿಕೆ ಮತ್ತೊಂದು. ಇವುಗಳ ಬದಲಿಗೆ, ನ್ಯಾಯಾಲಯವೋ ಅಧಿಕಾರಿಯೋ ಒಪ್ಪಿದರೆ, ಗೊತ್ತುಮಾಡಿದಷ್ಟು ನಗದನ್ನು ಠೇವಣಿ ಇಡಬಹುದು. ಒಪ್ಪಿದರೆ ಎಂಬ ಮಾತನ್ನು ಗಮನಿಸಿ. ನಗದು ಇಡುತ್ತೇನೆಂದು ಹಟ ಹಿಡಿಯುವ ಹಕ್ಕು ನಮಗಿಲ್ಲ. ಎಲ್ಲಿ ಹಣ ಕಟ್ಟಿದರೂ ರಸೀದಿಯನ್ನು ಕೇಳಿ ಪಡೆಯತಕ್ಕದ್ದು. ವಾಯಿದೆಗಳಿಗೆಲ್ಲ ತಪ್ಪದೆ ಹಾಜರಾಗಿ ಮೊಕದ್ದಮೆ ಮುಗಿದರೆ ಆ ಹಣವನ್ನು ಅರ್ಜಿ ಕೊಟ್ಟು ಹಿಂದಕ್ಕೆ ಪಡೆಯಬಹುದು, ಆಗ ಈ ರಸೀದಿಯೇ ಆಧಾರ. ಕಾಫಿ ಕೊಟ್ಟ ಚೀಟಿಯನ್ನು ಹತ್ತು ವರ್ಷ ಜೋಪಾನವಾಗಿಡುವವರು ಕೋರ್ಟಿನ ರಸೀದಿಯನ್ನು ಒಗೆಯುವ ಅಂಗಿಯ ಜೇಬಿನಲ್ಲಿ ಬಿಡುವುದನ್ನು ಕಂಡಿದ್ದೇವೆ.

ಇನ್ನು ವಾಯಿದೆ ತಪ್ಪಿತೆನ್ನಿ. ಆಗ ಆಗುವುದು ಒಂದೇ ಕೆಲಸವಲ್ಲ, ಹಲವು.

ಮೊದಲನೆಯದಾಗಿ ಆರೋಪಿಯ ಮೇಲೆ ವಾರಂಟು ಹೊರಡುತ್ತದೆ. ಸಾಮಾನ್ಯವಾಗಿ ಮೊದಲು ಜಾಮೀನು ಸಹಿತ ವಾರಂಟು, ಅದಕ್ಕೂ ಬಾರದಿದ್ದರೆ ಜಾಮೀನು ರಹಿತ ವಾರಂಟು. ಮೊದಲು ಸಮನ್ಸು, ನಂತರ ಜಾಮೀನು ಸಹಿತ ವಾರಂಟು, ಕಟ್ಟಕಡೆಗೆ ಜಾಮೀನು ರಹಿತ ವಾರಂಟು ಎಂಬ ಕ್ರಮವನ್ನು ಸರ್ವೋಚ್ಚ ನ್ಯಾಯಾಲಯ 2007ರಲ್ಲಿ ಇಂದರ್ ಮೋಹನ್ ಗೋಸ್ವಾಮಿ ಪ್ರಕರಣದಲ್ಲಿ ವಿವರಿಸಿದೆ. ಆದರೆ ಒಮ್ಮೆ ಹೊರಟ ವಾರಂಟಿಗೆ ಔಷಧಿಯ ಡಬ್ಬದಂತೆ ಅವಧಿ ಮೀರುವ ತಾರೀಕಿಲ್ಲ. ಹೊರಡಿಸಿದ ನ್ಯಾಯಾಲಯ ರದ್ದುಮಾಡುವವರೆಗೆ ಅಥವಾ ಅದು ಜಾರಿಯಾಗುವವರೆಗೆ ಜೀವಂತವಾಗಿರುತ್ತದೆ. ಆರೋಪಿ ಸಿಗದೇ ಹೋದರೆ ಕಡತವನ್ನು ದೀರ್ಘಕಾಲ ಬಾಕಿ ಉಳಿದ ಪ್ರಕರಣಗಳ ಪಟ್ಟಿಗೆ ಸೇರಿಸುತ್ತಾರೆ. ಪೊಲೀಸರ ಬಾಯಲ್ಲಿ ಅದು "ಎಲ್‌ಪಿಸಿ". ಎಷ್ಟೋ ವರ್ಷಗಳ ಹಿಂದಿನ ಎಲ್‌ಪಿಸಿ ವಾರಂಟಿನ ಮೇಲೆ ಯಾರನ್ನೋ ಹಿಡಿದು ತಂದರೆಂಬ ಸುದ್ದಿಯನ್ನು ನಾವೆಲ್ಲ ಪತ್ರಿಕೆಗಳಲ್ಲಿ ಓದುತ್ತಲೇ ಇರುತ್ತೇವೆ.

ಎರಡನೆಯದಾಗಿ, ಜಾಮೀನು ಹಕ್ಕಾಗಿದ್ದ ಪ್ರಕರಣದಲ್ಲಿಯೂ ಆ ಹಕ್ಕು ಸಡಿಲವಾಗುತ್ತದೆ. ವಾಯಿದೆಗೆ ತಪ್ಪಿದವನಿಗೆ ಅದೇ ಮೊಕದ್ದಮೆಯಲ್ಲಿ ಮತ್ತೆ ಜಾಮೀನು ಕೊಡಲು ನ್ಯಾಯಾಲಯ ನಿರಾಕರಿಸಬಹುದು. ಮೊದಲು ಬರೀ ಸ್ವಂತ ಮುಚ್ಚಳಿಕೆಯ ಮೇಲೆ ಬಿಟ್ಟಿದ್ದರೂ, ತಪ್ಪಿದ್ದಕ್ಕೆ ಸಾಕಷ್ಟು ಕಾರಣವಿಲ್ಲದಿದ್ದರೆ ಎರಡನೆಯ ಸಲ ಜಾಮೀನುದಾರನನ್ನು ತರಲೇಬೇಕಾಗುತ್ತದೆ.

ಮೂರನೆಯದು ಎಷ್ಟೋ ಮಂದಿಗೆ ತಿಳಿಯದ ವಿಷಯ. ಜಾಮೀನಿನ ಮೇಲೆ ಹೊರಬಂದವನು ಸಾಕಷ್ಟು ಕಾರಣವಿಲ್ಲದೆ ಹಾಜರಾಗದಿರುವುದೇ ಒಂದು ಪ್ರತ್ಯೇಕ ಅಪರಾಧ. ಮೊದಲು ದಂಡ ಸಂಹಿತೆಯಲ್ಲಿ ಇದು ಇರಲಿಲ್ಲ. 2005ರ ತಿದ್ದುಪಡಿಯ ಮೂಲಕ 229ಎ ಎಂಬ ಕಲಮಾಗಿ ಸೇರಿ 2006ರಲ್ಲಿ ಜಾರಿಗೆ ಬಂತು. ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 269ನೇ ಕಲಮು. ಶಿಕ್ಷೆ ಒಂದು ವರ್ಷದವರೆಗೆ ಸೆರೆವಾಸ, ಅಥವಾ ದಂಡ, ಅಥವಾ ಎರಡೂ. ಕಾರಣ ಸಾಕಷ್ಟಿತ್ತೆಂದು ತೋರಿಸುವ ಹೊಣೆಯೂ ಆರೋಪಿಯದೇ. ಮೂಲ ಅಪರಾಧಕ್ಕೆ ಬರೀ ದಂಡ ಕಟ್ಟಿ ಮನೆಗೆ ಬರಬಹುದಾಗಿದ್ದವನು, ವಾಯಿದೆಗೆ ಹೋಗದ ಕಾರಣಕ್ಕೆ ಅದಕ್ಕಿಂತ ದೊಡ್ಡ ಶಿಕ್ಷೆಗೆ ಗುರಿಯಾಗಬಹುದು. ಇದು ನ್ಯಾಯವೇ ಎಂದು ಕೇಳಿದರೆ ನಮ್ಮಲ್ಲಿಯೂ ಉತ್ತರವಿಲ್ಲ, ಕಾನೂನು ಹಾಗಿದೆ.

ನಾಲ್ಕನೆಯದು ಹಣದ ವಿಷಯ. ಇದೇ ಸದಸ್ಯರನ್ನು ನೇರವಾಗಿ ತಟ್ಟುವಂಥದ್ದು. ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇವೆ.

ನಮ್ಮ ಕಡೆ ಕೊಯ್ಲಿಗೆ ಹೊರಗಿನಿಂದ ಆಳುಗಳು ಬರುವುದು ಮೊದಲಿನಿಂದಲೂ ಇದ್ದದ್ದೇ. ತಮಿಳುನಾಡಿನಿಂದ, ಉತ್ತರ ಕರ್ನಾಟಕದಿಂದ ಬರುತ್ತಿದ್ದರು, ಈಗ ಅಸ್ಸಾಮಿನಂಥ ದೂರದ ಸೀಮೆಗಳಿಂದಲೂ ಬರುತ್ತಿದ್ದಾರೆ. ಡಿಸೆಂಬರಿನಲ್ಲಿ ಒಬ್ಬ ಯುವಕ ಬಂದನೆಂದು ಭಾವಿಸೋಣ. ಜನವರಿಯಲ್ಲಿ ಸಂತೆಯ ದಿನ ಜಗಳವಾಯಿತು, ಕೇಸಾಯಿತು. ಮರುದಿನ ಕೊಯ್ಲಿಗೆ ಆಳು ಬೇಕು, ಲೈನ್ ಮನೆಯಲ್ಲಿ ಅವನ ಹೆಂಡತಿ ಅಳುತ್ತಿದ್ದಾಳೆ. ತೋಟದ ಯಜಮಾನರು ಪಹಣಿ ಹಿಡಿದುಕೊಂಡು ಸೋಮವಾರಪೇಟೆಗೆ ಹೋಗಿ 10,000 ರೂಪಾಯಿಯ ಜಾಮೀನು ಮುಚ್ಚಳಿಕೆಗೆ ರುಜು ಹಾಕಿ ಕರೆದುಕೊಂಡು ಬರುತ್ತಾರೆ. ಒಳ್ಳೆಯ ಕೆಲಸವೇ. ಕರಿಮೆಣಸು ಮುಗಿದು, ಏಪ್ರಿಲ್ ಹೊತ್ತಿಗೆ ಆತ ಹೆಂಡತಿ ಮಕ್ಕಳೊಂದಿಗೆ ರೈಲು ಹತ್ತಿದ. ಜೂನ್ ತಿಂಗಳ ವಾಯಿದೆ ಯಾರ ನೆನಪಿನಲ್ಲಿಯೂ ಇಲ್ಲ. ಮಳೆ ಹಿಡಿದಿದೆ, ಯಜಮಾನರು ಅಡಿಕೆಗೆ ಬೋರ್ಡೋ ಹೊಡೆಸುವ ಗಡಿಬಿಡಿಯಲ್ಲಿದ್ದಾರೆ. ಎರಡು ಮೂರು ವಾಯಿದೆ ಹೀಗೆಯೇ ಕಳೆದ ಮೇಲೆ ಒಂದು ದಿನ ಅವರ ಹೆಸರಿಗೇ ನೋಟೀಸು ಬರುತ್ತದೆ: 10,000 ರೂಪಾಯಿಯನ್ನು ಕಟ್ಟಿ, ಇಲ್ಲವೇ ಏಕೆ ಕಟ್ಟಬಾರದೆಂಬುದಕ್ಕೆ ಕಾರಣ ತೋರಿಸಿ.

"ನಾನೇನು ಮಾಡಿದೆ, ಬರೀ ರುಜು ಹಾಕಿದ್ದಲ್ಲವೇ" ಎಂಬುದು ಆಗಿನ ಮಾತು. ಆದರೆ ಆ ರುಜುವಿನ ಅರ್ಥವೇ, ಆತನನ್ನು ಹಾಜರುಪಡಿಸುವ ಹೊಣೆ ತನ್ನದು, ತಪ್ಪಿದರೆ ಇಷ್ಟು ಹಣ ಕೊಡುತ್ತೇನೆ ಎಂದು. ಆರೋಪಿಯ ಮುಚ್ಚಳಿಕೆ ಬೇರೆ, ಜಾಮೀನುದಾರನ ಮುಚ್ಚಳಿಕೆ ಬೇರೆ. ಒಂದು ಇನ್ನೊಂದನ್ನು ಅವಲಂಬಿಸಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1979ರಲ್ಲಿಯೇ ರಾಮ್ ಲಾಲ್ ಪ್ರಕರಣದಲ್ಲಿ ಹೇಳಿದೆ. ಅವನಿಂದ ಮೊದಲು ವಸೂಲು ಮಾಡಿ, ಆಮೇಲೆ ನನ್ನ ಹತ್ತಿರ ಬನ್ನಿ ಎಂಬ ವಾದ ನಡೆಯುವುದಿಲ್ಲ.

ಕಟ್ಟದಿದ್ದರೆ ಮತ್ತು ಒಪ್ಪುವಂಥ ಕಾರಣ ಹೇಳದಿದ್ದರೆ, ಆ ಹಣವನ್ನು ನ್ಯಾಯಾಲಯ ದಂಡ ವಸೂಲಿಯ ರೀತಿಯಲ್ಲಿಯೇ ವಸೂಲು ಮಾಡಬಹುದು. ಅಂದರೆ ಚರಸ್ವತ್ತನ್ನು ಜಪ್ತಿ ಮಾಡಿಸಬಹುದು, ಅಥವಾ ಜಿಲ್ಲಾಧಿಕಾರಿಗಳಿಗೆ ಬರೆದು ಭೂಕಂದಾಯದ ಬಾಕಿಯಂತೆ ವಸೂಲು ಮಾಡಿಸಬಹುದು. ಭೂಕಂದಾಯದ ಬಾಕಿ ಎಂಬ ಮಾತಿನ ತೂಕ ಬೆಳೆಗಾರರಿಗೆ ನಾವು ವಿವರಿಸಬೇಕಾಗಿಲ್ಲ. ಜಾಮೀನಿಗೆ ಇಟ್ಟ ಪಹಣಿಯ ಜಮೀನಿನ ಮೇಲೆಯೇ ಅನೇಕ ವೇಳೆ ಸಂಘದ ಬೆಳೆಸಾಲವೂ ಇರುತ್ತದೆ, ನಮ್ಮ ಆತಂಕಕ್ಕೆ ಇದೂ ಒಂದು ಕಾರಣವೆಂದು ಮುಚ್ಚುಮರೆಯಿಲ್ಲದೆ ಹೇಳುತ್ತೇವೆ. ಯಾವ ರೀತಿಯಲ್ಲಿಯೂ ವಸೂಲಾಗದಿದ್ದರೆ ಜಾಮೀನುದಾರನನ್ನು ಆರು ತಿಂಗಳವರೆಗೆ ಸಿವಿಲ್ ಕಾರಾಗೃಹದಲ್ಲಿ ಇಡಲು ಸಹ ಕಾನೂನಿನಲ್ಲಿ ಅವಕಾಶವಿದೆ. ಜಮೀನು ಇರುವವರ ವಿಷಯದಲ್ಲಿ ಸಂಗತಿ ಅಲ್ಲಿಗೆ ಮುಟ್ಟುವುದು ಅಪರೂಪ, ಆದರೂ ಇದೆಯೆಂದು ತಿಳಿದಿರಬೇಕು.

ಹಾಗೆಂದು ನೋಟೀಸು ಬಂದ ಕೂಡಲೇ ಎಲ್ಲವೂ ಮುಗಿಯಿತೆಂದು ಕೈಚೆಲ್ಲಬಾರದು. ಕಾನೂನು ಇಲ್ಲಿ ಎರಡು ಮೆಟ್ಟಿಲುಗಳನ್ನು ಇಟ್ಟಿದೆ. ಮುಚ್ಚಳಿಕೆಯ ಷರತ್ತು ಮುರಿದಿದೆ ಎಂಬುದಕ್ಕೆ ಆಧಾರಗಳನ್ನು ನ್ಯಾಯಾಲಯ ಬರೆದಿಡಬೇಕು, ಇದು ಮೊದಲನೆಯದು. ಹಣವನ್ನು ಏಕೆ ಕೊಡಬಾರದೆಂದು ಕೇಳಿ ಉತ್ತರಕ್ಕೆ ಅವಕಾಶ ಕೊಡಬೇಕು, ಇದು ಎರಡನೆಯದು. ಈ ಎರಡನೆಯ ಮೆಟ್ಟಿಲನ್ನು ಹಾರಿ ಜಾಮೀನುದಾರನಿಂದ ಹಣ ವಸೂಲು ಮಾಡುವಂತಿಲ್ಲವೆಂದು 1960ರಲ್ಲಿ ಗುಲಾಮ್ ಮೆಹ್ದಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿತು. ಆದ್ದರಿಂದ ಆ ನೋಟೀಸು ಬೆದರಿಕೆಯ ಕಾಗದವಲ್ಲ, ನಮ್ಮ ಮಾತನ್ನು ಕೇಳುತ್ತೇವೆಂಬ ಕರೆ. ಅದನ್ನು ದೇವರ ಪಟದ ಹಿಂದೆ ಸಿಕ್ಕಿಸಿ ಸುಮ್ಮನಿರುವವರು ಆ ಅವಕಾಶವನ್ನು ತಾವೇ ಕಳೆದುಕೊಳ್ಳುತ್ತಾರೆ. ನಗದು ಠೇವಣಿಯೂ ಮುಚ್ಚಳಿಕೆಯ ಬದಲಿಗೆ ಇಟ್ಟದ್ದೇ ಆದ್ದರಿಂದ, ಅದು ಹೋಗುವ ಮುನ್ನ ಕಾರಣ ಹೇಳಿಕೊಳ್ಳಲು ಅವಕಾಶ ಬೇಕೆಂದು ವಕೀಲರ ಮೂಲಕ ಕೇಳಿಕೊಳ್ಳುವುದು ಒಳ್ಳೆಯದು.

ಕಾರಣವನ್ನು ಕಾಗದಪತ್ರದೊಂದಿಗೆ ಹೇಳಬೇಕು. ಆಸ್ಪತ್ರೆಯಲ್ಲಿದ್ದರೆ ವೈದ್ಯರ ಪತ್ರ, ಆರೋಪಿ ತೀರಿಹೋಗಿದ್ದರೆ ಮರಣ ಪತ್ರ, ಬೇರೆ ಕೇಸಿನಲ್ಲಿ ಜೈಲಿನಲ್ಲಿದ್ದರೆ ಅದರ ವಿವರ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಹಟ್ಟಿಹೊಳೆ ಕಡೆ ಗುಡ್ಡ ಕುಸಿದು ಮಾದಾಪುರದಿಂದ ಮಡಿಕೇರಿಗೆ ಹೋಗುವ ರಸ್ತೆಯೇ ಕಡಿದುಹೋಗಿತ್ತು. ಮನೆಮಠ ಕಳೆದುಕೊಂಡವರು ಪರಿಹಾರ ಕೇಂದ್ರಗಳಲ್ಲಿದ್ದರು. ಅಂಥ ದಿನಗಳಲ್ಲಿ ವಾಯಿದೆ ತಪ್ಪುವುದು ಯಾರ ಕೈಯಲ್ಲಿಯೂ ಇರಲಿಲ್ಲ, ಆದರೆ ಅದನ್ನೂ ನಾವು ಹೇಳಿದರೆ ಮಾತ್ರ ನ್ಯಾಯಾಲಯದ ಕಡತಕ್ಕೆ ಸೇರುತ್ತದೆ. ಮಾದಾಪುರದ ಮಳೆಯ ಅಳತೆ ಕೋರ್ಟಿಗೆ ತಾನಾಗಿ ತಿಳಿಯುವುದಿಲ್ಲ.

ಕಾರಣ ಪೂರ್ತಿ ಒಪ್ಪಿಗೆಯಾಗದಿದ್ದರೂ, ಹಣದ ಒಂದು ಭಾಗವನ್ನು ಮನ್ನಾ ಮಾಡಿ ಉಳಿದದ್ದನ್ನು ಮಾತ್ರ ವಸೂಲು ಮಾಡುವ ಅಧಿಕಾರ ನ್ಯಾಯಾಲಯಕ್ಕಿದೆ. ಓಡಾಡಿ ಹುಡುಕಿ ಆರೋಪಿಯನ್ನು ತಂದು ನಿಲ್ಲಿಸಿದ ಜಾಮೀನುದಾರ ಈ ರಿಯಾಯಿತಿಯನ್ನು ಧೈರ್ಯವಾಗಿ ಕೇಳಬಹುದು. ಮ್ಯಾಜಿಸ್ಟ್ರೇಟರ ಆದೇಶ ಸರಿಯಿಲ್ಲವೆಂದು ತೋರಿದರೆ ಮಡಿಕೇರಿಯ ಸೆಷನ್ಸ್ ನ್ಯಾಯಾಲಯಕ್ಕೆ ಅಪೀಲು ಹೋಗಬಹುದು. ಮುಟ್ಟುಗೋಲಿಗೆ ಮೊದಲೇ ಜಾಮೀನುದಾರರು ತೀರಿಹೋದರೆ ಅವರ ಆಸ್ತಿಯ ಮೇಲೆ ಈ ಹೊಣೆ ಬರುವುದಿಲ್ಲ, ಮನೆಯವರು ಹೆದರಬೇಕಾಗಿಲ್ಲ.

ಇಷ್ಟನ್ನೆಲ್ಲ ಓದಿ, ಇನ್ನು ಮೇಲೆ ಯಾರಿಗೂ ಜಾಮೀನು ನಿಲ್ಲುವುದೇ ಬೇಡ ಎಂದು ಸದಸ್ಯರು ನಿರ್ಧರಿಸಿದರೆ ಅದು ನಮಗೆ ಸಂತೋಷದ ವಿಷಯವಲ್ಲ. ಊರು ಬಿಟ್ಟು ಬಂದ ಬಡವನಿಗೆ ಜಾಮೀನು ನಿಲ್ಲುವವರು ಯಜಮಾನರಲ್ಲದೆ ಇನ್ಯಾರು? 1978ರಲ್ಲಿ ಮೋತಿರಾಮ್ ಎಂಬ ಗಾರೆ ಕೆಲಸದವನ ಪ್ರಕರಣ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ಮಧ್ಯಪ್ರದೇಶದ ಮ್ಯಾಜಿಸ್ಟ್ರೇಟರು 10,000 ರೂಪಾಯಿಯ ಜಾಮೀನು ಕೇಳಿದ್ದರು. ಅವನ ಸಹೋದರ ಜಾಮೀನು ನಿಲ್ಲಲು ಬಂದರೆ, ಆತನೂ ಆತನ ಆಸ್ತಿಯೂ ಬೇರೆ ಜಿಲ್ಲೆಯಲ್ಲಿವೆ ಎಂಬ ಕಾರಣಕ್ಕೆ ಒಪ್ಪಲಿಲ್ಲ. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಮೊತ್ತವನ್ನು 1,000 ರೂಪಾಯಿಗೆ ಇಳಿಸಿದರು. ದೂರದೂರಿನಲ್ಲಿ ಸಿಕ್ಕಿಬಿದ್ದ ಒಬ್ಬ ಕನ್ನಡಿಗನೋ ಮಲಯಾಳಿಯೋ ಅಲ್ಲಿಯದೇ ಜಾಮೀನುದಾರನನ್ನು ಎಲ್ಲಿಂದ ತರಬೇಕೆಂದು ಅವರು ಆ ತೀರ್ಪಿನಲ್ಲಿ ಕೇಳಿದರು. ನಮ್ಮ ತೋಟಗಳ ಲೈನ್ ಮನೆಗಳಲ್ಲಿ ಇರುವ ಅಸ್ಸಾಮಿನವನ ವಿಷಯದಲ್ಲಿಯೂ ಅದೇ ಪ್ರಶ್ನೆ. 2023ರ ಜನವರಿ 31ರಂದು ಸರ್ವೋಚ್ಚ ನ್ಯಾಯಾಲಯ ಮತ್ತೆ ಇದೇ ವಿಷಯವನ್ನು ಎತ್ತಿಕೊಂಡು, ಸ್ಥಳೀಯ ಜಾಮೀನುದಾರನೇ ಬೇಕೆಂಬ ಷರತ್ತಿನಿಂದ ಬಿಡುಗಡೆ ತಡವಾಗುತ್ತಿದೆ, ಅಂಥ ಕಡೆ ಆ ಷರತ್ತನ್ನು ಹಾಕದಿರಬಹುದು ಎಂದು ಸೂಚಿಸಿತು. ಜಾಮೀನು ಹಕ್ಕಾಗಿರುವ ಅಪರಾಧಗಳಲ್ಲಿ, ಜಾಮೀನುದಾರನನ್ನು ತರಲಾರದ ಬಡವನನ್ನು ಅವನ ಸ್ವಂತ ಮುಚ್ಚಳಿಕೆಯ ಮೇಲೆಯೇ ಬಿಡಬೇಕು. ಬಂಧನವಾಗಿ ಒಂದು ವಾರದೊಳಗೆ ಜಾಮೀನು ಕೊಡಲಾಗದವನನ್ನು ಬಡವನೆಂದೇ ಭಾವಿಸಬೇಕು ಎಂಬುದೂ 2005ರ ತಿದ್ದುಪಡಿಯಿಂದ ಕಾನೂನಿನಲ್ಲಿದೆ. ಆದ್ದರಿಂದ ಪಹಣಿ ತೆಗೆದುಕೊಂಡು ಓಡುವ ಮುನ್ನ, ಸ್ವಂತ ಮುಚ್ಚಳಿಕೆ ಸಾಲದೇ ಎಂದು ವಕೀಲರ ಮೂಲಕ ಕೇಳಿಸಿ ನೋಡಬಹುದು.

ನಿಲ್ಲುವುದೇ ಆದರೆ ಕಣ್ಣು ತೆರೆದು ನಿಲ್ಲಿ. ಜಮ್ಮಾ ಹಿಡುವಳಿಯ ಪಹಣಿಯಲ್ಲಿ ಒಕ್ಕದ ಹಲವರ ಹೆಸರಿರುತ್ತದೆ, ಮನೆಯ ಹಿರಿಯರಿಗೆ ತಿಳಿಸದೆ ಆ ಕಾಗದವನ್ನು ಹೊರಗೆ ಒಯ್ಯಬೇಡಿ. ಈವರೆಗೆ ಎಷ್ಟು ಮಂದಿಗೆ ಜಾಮೀನು ನಿಂತಿದ್ದೀರಿ ಎಂಬುದನ್ನು ನ್ಯಾಯಾಲಯದ ಮುಂದೆ ಘೋಷಿಸಬೇಕಾಗುತ್ತದೆ, ಅಲ್ಲಿ ಲೆಕ್ಕ ತಪ್ಪಿ ಹೇಳುವಂತಿಲ್ಲ. ಆಳಿನ ಊರು, ತಂದೆಯ ಹೆಸರು, ಊರಿನಲ್ಲಿ ಇರುವವರ ಫೋನ್ ನಂಬರು, ಮೇಸ್ತ್ರಿಯ ನಂಬರು ಇವನ್ನು ಚೆಕ್‌ರೋಲ್ ಪುಸ್ತಕದ ಹಿಂಬದಿಯಲ್ಲಾದರೂ ರೈಟರಿಂದ ಬರೆಸಿಡಿ. ಮುಖ್ಯವಾಗಿ, ಮೊಕದ್ದಮೆಯ ಸಿಎನ್‌ಆರ್ ನಂಬರನ್ನು ಪಡೆಯಿರಿ. ಅಕ್ಷರವೂ ಅಂಕಿಯೂ ಕೂಡಿ 16 ಇರುತ್ತವೆ. ಇ-ಕೋರ್ಟ್ಸ್ ಸೇವೆಯ ಆಪ್‌ನಲ್ಲಿ ಅದನ್ನು ಒತ್ತಿದರೆ ಮುಂದಿನ ವಾಯಿದೆ ಯಾವಾಗ, ಹಿಂದಿನ ವಾಯಿದೆಯಲ್ಲಿ ಏನಾಯಿತು ಎಂಬುದು ಮನೆಯಲ್ಲಿಯೇ ತಿಳಿಯುತ್ತದೆ. ಕಾಫಿ ಧಾರಣೆಯನ್ನು ದಿನಕ್ಕೆ ಮೂರು ಸಲ ಫೋನಿನಲ್ಲಿ ನೋಡುವವರಿಗೆ ತಿಂಗಳಿಗೊಮ್ಮೆ ಇದನ್ನು ನೋಡುವುದು ಕಷ್ಟವಲ್ಲ.

ಆಳು ಊರಿಗೆ ಹೊರಟನೆಂದು ತಿಳಿದಾಗ ಮಾಡಬೇಕಾದ ಕೆಲಸವೊಂದಿದೆ. ಪ್ರತಿ ವಾಯಿದೆಗೂ ಆರೋಪಿ ಖುದ್ದಾಗಿ ಬರಲೇಬೇಕೆಂದಿಲ್ಲ. ವಕೀಲರಿದ್ದರೆ, ಅವನ ಹಾಜರಾತಿಗೆ ವಿನಾಯಿತಿ ಕೊಡುವಂತೆ ಅರ್ಜಿ ಹಾಕಬಹುದು. ಹೊಸ ಸಂಹಿತೆಯಲ್ಲಿ ಇದಕ್ಕೆ 228 ಮತ್ತು 355ನೇ ಕಲಮುಗಳಿವೆ, ಹಳೆಯದರಲ್ಲಿ 205 ಮತ್ತು 317. ಹೊಸ ಸಂಹಿತೆಯ 355ನೇ ಕಲಮಿನಲ್ಲಿ, ದೃಶ್ಯ-ಶ್ರವ್ಯ ವಿದ್ಯುನ್ಮಾನ ಸಾಧನದ ಮೂಲಕ ಹಾಜರಾಗುವುದೂ ಖುದ್ದು ಹಾಜರಾತಿಯೇ ಎಂದು ವಿವರಣೆ ಸೇರಿಸಿದ್ದಾರೆ. ಈ ಅರ್ಜಿಯನ್ನು ವಾಯಿದೆಗೆ ಮೊದಲು ಅಥವಾ ಅದೇ ದಿನ ಹಾಕಬೇಕು, ವಾರಂಟು ಹೊರಟ ಮೇಲಲ್ಲ. ಕೊಯ್ಲು ಜೋರಾಗಿದೆ ಎಂಬುದು ನಮಗೆ ದೊಡ್ಡ ಕಾರಣ, ಆದರೆ ಅದೊಂದನ್ನೇ ನಂಬಿ ಅರ್ಜಿ ಹಾಕಬೇಡಿ. ವಾರಂಟು ಹೊರಟೇಬಿಟ್ಟಿದ್ದರೆ, ಪೊಲೀಸರು ಬರುವವರೆಗೆ ಕಾಯದೆ ಆರೋಪಿ ತಾನೇ ವಕೀಲರೊಂದಿಗೆ ಹೋಗಿ ವಾರಂಟು ಹಿಂತೆಗೆಯುವಂತೆ ಕೇಳಿಕೊಳ್ಳುವುದು ಮೇಲು. ತಾನಾಗಿ ಬಂದವನಿಗೂ ಹಿಡಿದು ತಂದವನಿಗೂ ನ್ಯಾಯಾಲಯದ ಕಣ್ಣಿನಲ್ಲಿ ವ್ಯತ್ಯಾಸವಿರುತ್ತದೆ.

ಹಾಗಾದರೆ ಹಣ ಕಟ್ಟಿ ಮುಗಿಸಿಕೊಳ್ಳುವ ದಾರಿ ನಮ್ಮಲ್ಲಿ ಇಲ್ಲವೇ ಇಲ್ಲವೇ? ಇದೆ, ಆದರೆ ಅದು ಠೇವಣಿ ಬಿಟ್ಟುಕೊಡುವ ದಾರಿಯಲ್ಲ. ಬರೀ ದಂಡ ಮಾತ್ರ ಇರುವ ತೀರ ಸಣ್ಣ ಅಪರಾಧಗಳಲ್ಲಿ ಮ್ಯಾಜಿಸ್ಟ್ರೇಟರು ವಿಶೇಷ ಸಮನ್ಸು ಕಳುಹಿಸಬಹುದು. ಅದರಲ್ಲಿ ದಂಡದ ಮೊತ್ತವನ್ನು ಬರೆದಿರುತ್ತಾರೆ. ತಪ್ಪನ್ನು ಒಪ್ಪಿಕೊಳ್ಳುವುದಾದರೆ, ಗೊತ್ತುಮಾಡಿದ ದಿನಕ್ಕೆ ಮೊದಲು ಆ ಒಪ್ಪಿಗೆಯನ್ನೂ ದಂಡವನ್ನೂ ಅಂಚೆಯಲ್ಲಿ ಕಳುಹಿಸಿದರೆ ಆಯಿತು, ಕೋರ್ಟಿಗೆ ಹೋಗುವ ಕೆಲಸವೇ ಇಲ್ಲ. ಹಳೆಯ ಸಂಹಿತೆಯ 206ನೇ ಕಲಮಿನಲ್ಲಿ ಈ ಸೌಕರ್ಯ 1,000 ರೂಪಾಯಿವರೆಗಿನ ದಂಡಕ್ಕೆ ಸೀಮಿತವಾಗಿತ್ತು. ಹೊಸದರ 229ನೇ ಕಲಮಿನಲ್ಲಿ 5,000 ರೂಪಾಯಿಗೆ ಏರಿದೆ. ಮೋಟಾರು ವಾಹನದ ಅಪರಾಧಗಳು ಇದರಲ್ಲಿ ಸೇರಿಲ್ಲ, ಅವಕ್ಕೆ ಮೋಟಾರು ವಾಹನ ಕಾಯ್ದೆಯಲ್ಲಿಯೇ ಸ್ಥಳದಲ್ಲಿ ರಾಜಿದಂಡ ಕಟ್ಟುವ, ಅಂಚೆಯಲ್ಲಿ ತಪ್ಪೊಪ್ಪಿಕೊಳ್ಳುವ ಬೇರೆ ವ್ಯವಸ್ಥೆಯಿದೆ. ರಾಜಿಯಾಗಬಹುದಾದ ಜಗಳಗಳನ್ನು ಲೋಕ ಅದಾಲತ್ತಿನಲ್ಲಿ ಇತ್ಯರ್ಥ ಮಾಡಿಕೊಳ್ಳಬಹುದು. ಇಲ್ಲಿ ಒಂದು ಎಚ್ಚರಿಕೆ: ತಪ್ಪು ಒಪ್ಪಿಕೊಂಡು ದಂಡ ಕಟ್ಟುವುದೆಂದರೆ ಅಪರಾಧಿಯೆಂದು ದಾಖಲೆಯಾದಂತೆ. ಪಾಸ್‌ಪೋರ್ಟಿಗೋ ಸರ್ಕಾರಿ ನೌಕರಿಗೋ ಅರ್ಜಿ ಹಾಕಬೇಕಾದ ಹುಡುಗರು ವಕೀಲರನ್ನು ಒಂದು ಮಾತು ಕೇಳಿಯೇ ಒಪ್ಪಿಕೊಳ್ಳುವುದು ಉಚಿತ.

ಜಾಮೀನು ನಿಂತ ಮೇಲೆ ಆಳಿನ ನಡತೆ ಸರಿಯಿಲ್ಲ, ಓಡಿಹೋಗುವ ಲಕ್ಷಣ ಕಾಣುತ್ತಿದೆ ಎಂದಾದರೆ ಜಾಮೀನುದಾರನಿಗೂ ಬಿಡುಗಡೆಯ ಬಾಗಿಲಿದೆ. ತನ್ನನ್ನು ಮುಚ್ಚಳಿಕೆಯಿಂದ ಬಿಡಬೇಕೆಂದು ಯಾವಾಗ ಬೇಕಾದರೂ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಡಬಹುದು. ಹಳೆಯದರ 444, ಹೊಸದರ 489ನೇ ಕಲಮು. ಆಗ ಆರೋಪಿಯನ್ನು ವಾರಂಟಿನ ಮೇಲೆ ಕರೆಸಿ, ಅವನು ಬಂದ ಮೇಲೆ ಈ ಮುಚ್ಚಳಿಕೆಯನ್ನು ರದ್ದುಮಾಡಿ, ಬೇರೆ ಜಾಮೀನುದಾರನನ್ನು ತರುವಂತೆ ಹೇಳುತ್ತಾರೆ. ತರಲಾಗದಿದ್ದರೆ ಆತ ಜೈಲಿಗೆ ಹೋಗಬೇಕಾಗಬಹುದು. ಸಣ್ಣ ಮನಸ್ತಾಪಕ್ಕೆ, ಕೂಲಿಯ ತಕರಾರಿಗೆ ಈ ಅಸ್ತ್ರವನ್ನು ಬಳಸುವುದು ನಮಗೆ ಒಪ್ಪಿಗೆಯಾದ ನಡೆಯಲ್ಲ. ಆದರೆ ಆತ ಟಿಕೇಟು ತೆಗೆಸಿದ್ದಾನೆ, ಮತ್ತೆ ಬರುವುದಿಲ್ಲವೆಂದು ಖಚಿತವಾಗಿ ತಿಳಿದ ಮೇಲೂ ಸುಮ್ಮನಿದ್ದು, ಆಮೇಲೆ ನೋಟೀಸು ಹಿಡಿದುಕೊಂಡು ಬರುವುದರಲ್ಲಿಯೂ ಅರ್ಥವಿಲ್ಲ. ಹೊರಡುವ ಮುನ್ನ ಅವನನ್ನು ಕರೆದುಕೊಂಡು ಹೋಗಿ ಮೊಕದ್ದಮೆಯನ್ನು ಬೇಗ ತೆಗೆದುಕೊಳ್ಳುವಂತೆ ಅರ್ಜಿ ಹಾಕಿಸಿದರೆ ಅನೇಕ ಸಣ್ಣ ಪ್ರಕರಣಗಳು ಅಲ್ಲಿಯೇ ತೀರುತ್ತವೆ.

ವಕೀಲರ ಖರ್ಚಿಗೆ ಹೆದರಿ ವಾಯಿದೆ ತಪ್ಪಿಸುವವರೂ ಇದ್ದಾರೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಎಲ್ಲ ಮಹಿಳೆಯರಿಗೆ, ಬಂಧನದಲ್ಲಿರುವವರಿಗೆ ವರಮಾನವನ್ನು ನೋಡದೆ ಉಚಿತವಾಗಿ ವಕೀಲರನ್ನು ಒದಗಿಸುತ್ತಾರೆ. ಬೇರೆಯವರಿಗೆ ವರಮಾನದ ಮಿತಿಯಿದೆ. ನಮ್ಮ ತೋಟಗಳಲ್ಲಿ ದುಡಿಯುವ ಎರವರು, ಜೇನುಕುರುಬರು ಪರಿಶಿಷ್ಟ ಪಂಗಡದವರಾದ್ದರಿಂದ ಇದಕ್ಕೆ ನೇರವಾಗಿ ಅರ್ಹರು. ಸೋಮವಾರಪೇಟೆಯಲ್ಲಿ ತಾಲೂಕು ಕಾನೂನು ಸೇವಾ ಸಮಿತಿಯಿದೆ, ದೂರವಾಣಿಯಲ್ಲಿ ಕೇಳುವುದಾದರೆ 15100. ಅರ್ಜಿ ಬರೆಯಲು ಬಾರದವರು ಬಾಯಿಮಾತಿನಲ್ಲಿ ಹೇಳಿದರೂ ಬರೆದುಕೊಳ್ಳಬೇಕೆಂಬ ನಿಯಮವಿದೆ. ಹೋಗುವಾಗ ಸಮನ್ಸು ಅಥವಾ ನೋಟೀಸು, ಠೇವಣಿಯ ರಸೀದಿ, ಆಧಾರ್ ಚೀಟಿ ಇವುಗಳ ನಕಲನ್ನು ಜೊತೆಗೆ ಒಯ್ಯಬೇಕು.